ಮೂಡುಗಡಲ ದಂಡೆಯಲ್ಲಿ ಐದು ಕಿಲೋಮೀಟರು

ಚೆನ್ನೈಗೆ ಬಂದ ನೆಂಟರನ್ನು ಮರೀನಾ ಕಡಲ ದಂಡೆಗೆ ಕರೆದೊಯ್ಯದ ಕನ್ನಡ ಮನೆ ಈ ಊರಿನಲ್ಲಿ ಇರಲಾರದು. ಸಂಜೆ ಐದಕ್ಕೆ ಆಟೋ ಹತ್ತಿ ಬಂದು ಇಳಿಯುವುದು, ಮರಳಿನಲ್ಲಿ ನಾಲ್ಕು ಹೆಜ್ಜೆ ಹಾಕುವುದು, ಒಂದು ಪೊಟ್ಟಣ ಸುಂಡಲ್ ತಿನ್ನುವುದು, ಮಕ್ಕಳ ಬಟ್ಟೆ ಒದ್ದೆಯಾಯಿತೆಂದು ಗದರುವುದು, ದೀಪ ಹತ್ತುವ ಹೊತ್ತಿಗೆ ಮನೆಗೆ ಮರಳುವುದು. ಇಷ್ಟಾದರೆ ಮರೀನಾ ನೋಡಿದಂತಾಯಿತು. ಈ ಊರಿಗೆ ವರ್ಗವಾಗಿ ಬಂದ ಮೊದಲ ಎರಡು ವರ್ಷ ನಾವೂ ಹೀಗೆಯೇ ನೋಡಿದವರು.

ಅದನ್ನು ಕಾಲ್ನಡಿಗೆಯಿಂದ, ತುದಿಯಿಂದ ತುದಿಗೆ ನೋಡಬೇಕೆಂಬ ಬುದ್ಧಿ ನಮಗೆ ಹುಟ್ಟಿದ್ದು ಒಂದು ಹಳೆಯ ಕಾಗದದಿಂದ. ಉಡುಪಿಯ ಕಡೆಯ ನಮ್ಮ ಹಳ್ಳಿಯಲ್ಲಿ ಒಬ್ಬರೇ ಇದ್ದ ಅಜ್ಜಿ, ಮಂಡಿನೋವು ಹೆಚ್ಚಾದ ಮೇಲೆ ಒಲ್ಲದ ಮನಸ್ಸಿನಿಂದ ನಮ್ಮಲ್ಲಿಗೆ ಬಂದರು. ಜತೆಗೆ ಒಂದು ತಗಡಿನ ಪೆಟ್ಟಿಗೆ ಬಂತು. ಅದರೊಳಗೆ, ಸೀರೆಗಳ ಅಡಿಯಲ್ಲಿ, ನಮ್ಮ ಅಜ್ಜನ ಬಿ. ಎ. ಪದವಿಪತ್ರ, 1951ನೆಯ ಇಸವಿಯದು. ಅಜ್ಜ ಓದಿದ್ದು ಮಂಗಳೂರಿನಲ್ಲಿ. ಆದರೆ ಪತ್ರದ ನೆತ್ತಿಯ ಮೇಲಿದ್ದ ಹೆಸರು ಮದರಾಸು ವಿಶ್ವವಿದ್ಯಾನಿಲಯದ್ದು. ಪದವೀದಾನಕ್ಕೆ ಬರಲು ರೈಲಿನ ಖರ್ಚಿಗೆ ಹಣವಿರಲಿಲ್ಲವಾಗಿ ಪತ್ರವನ್ನು ಅಂಚೆಯಲ್ಲಿ ತರಿಸಿಕೊಂಡರಂತೆ. ಶಾಲೆಯ ಮೇಷ್ಟರಾಗಿ ಮೂವತ್ತು ವರ್ಷ ದುಡಿದು, ಮದರಾಸನ್ನು ಒಮ್ಮೆಯೂ ಕಾಣದೆ ತೀರಿಕೊಂಡರು.

ಹತ್ತು ವರ್ಷದ ನಮ್ಮ ಮಗಳು ಆ ಪತ್ರವನ್ನು ಕೂಡಿಸಿ ಕೂಡಿಸಿ ಓದಿ, "ಹಾಗಾದರೆ ಅಪ್ಪಾ, ನಾವು ಈ ಊರಿಗೆ ಹೊರಗಿನವರಲ್ಲ, ಅಲ್ಲವೇ?" ಎಂದಳು. ಶಾಲೆಯಲ್ಲಿ ಯಾರೋ "ನಿಮ್ಮ ಊರು ಯಾವುದು?" ಎಂದು ಕೇಳಿದ್ದು ಅವಳ ಮನಸ್ಸಿನಲ್ಲಿ ಉಳಿದಿತ್ತು. ನಾವೋ ಹೇಳಿ ಕೇಳಿ ಗುಮಾಸ್ತರು. ದಾಖಲೆಯಿಲ್ಲದೆ ಯಾವ ಮಾತನ್ನೂ ಒಪ್ಪುವ ಜಾತಿಯಲ್ಲ. ದಾಖಲೆ ಕೈಗೆ ಬಂದಮೇಲೆ ಸ್ಥಳ ಪರಿಶೀಲನೆ ಆಗಬೇಕಷ್ಟೆ. ಮರುದಿನ ಭಾನುವಾರ ಬೆಳಗಿನ ಆರಕ್ಕೆ ತಂದೆ ಮಗಳಿಬ್ಬರೂ ಹೊರಟೆವು.

ಕೋಟೆಯ ಬಳಿಯಿಂದ

ನಡಿಗೆಯನ್ನು ಉತ್ತರದ ತುದಿಯಲ್ಲಿರುವ ಯುದ್ಧ ಸ್ಮಾರಕದಿಂದ ಆರಂಭಿಸುವುದು ಒಳ್ಳೆಯದು. ಅಲ್ಲಿಂದ ಸ್ವಲ್ಪ ದೂರದಲ್ಲೇ ಸೇಂಟ್ ಜಾರ್ಜ್ ಕೋಟೆ. 1640ರಲ್ಲಿ ಇಂಗ್ಲಿಷ್ ಕಂಪೆನಿ ಮರಳ ತೀರದಲ್ಲಿ ತಳವೂರಿದ ಜಾಗ. ಈ ಕೋಟೆಯ ಪ್ರಭುಗಳನ್ನು 1769ರ ಮಾರ್ಚಿಯಲ್ಲಿ ನಡುಗಿಸಿದವನು ನಮ್ಮ ಮೈಸೂರಿನ ಹೈದರಾಲಿ. ಅವನ ಕುದುರೆ ದಂಡು ಮದರಾಸಿನ ಹೊರವಲಯಕ್ಕೇ ಬಂದು ನಿಂತಿತು. ಏಪ್ರಿಲಿನಲ್ಲಿ ಕಂಪೆನಿ ಸಂಧಿಗೆ ಸಹಿ ಹಾಕಬೇಕಾಯಿತು. ಕನ್ನಡ ನಾಡಿನಿಂದ ಈ ಊರಿಗೆ ಬಂದವರೆಲ್ಲ ನಮ್ಮಂತೆ ಅರ್ಜಿ ಹಿಡಿದು ಬಂದವರೇ ಅಲ್ಲ ಎಂದು ಮಗಳಿಗೆ ಹೇಳಿದೆವು.

ಮುಂದೆ ಕೂವಂ ನದಿಯ ಮೇಲೆ ನೇಪಿಯರ್ ಸೇತುವೆ. ಗವರ್ನರ್ ನೇಪಿಯರನ ಕಾಲದಲ್ಲಿ, 1869ರಲ್ಲಿ, ಮೊದಲು ಕಟ್ಟಿದ್ದು. ಬಿಲ್ಲಿನಂಥ ಕಮಾನುಗಳ ಸೇತುವೆ ಆಮೇಲೆ ಬಂದದ್ದು. 2022ರಲ್ಲಿ ಚದುರಂಗ ಒಲಿಂಪಿಯಾಡು ಈ ಊರ ಬಳಿಯ ಮಾಮಲ್ಲಪುರದಲ್ಲಿ ನಡೆದಾಗ, ಈ ಇಡೀ ಸೇತುವೆಗೆ ಚದುರಂಗದ ಮಣೆಯ ಹಾಗೆ ಕಪ್ಪುಬಿಳುಪು ಬಣ್ಣ ಬಳಿದಿದ್ದರು. ಸೇತುವೆಯ ನಡುವೆ ಮೂಗು ಮುಚ್ಚಿಕೊಳ್ಳಬೇಕಾಗುವುದುಂಟು. ಆದರೆ ಅಲ್ಲಿ ನಿಂತು ಎಡಕ್ಕೆ ನೋಡಿದರೆ ನದಿಯ ಬಾಯಿ, ಅದರಾಚೆ ಕಡಲು, ಕಡಲಿನಿಂದ ಮೇಲೇಳುವ ಸೂರ್ಯ.

ಈ ಸೂರ್ಯನದೇ ನಮ್ಮ ಮನೆಯಲ್ಲಿ ತಕರಾರು. ಅಜ್ಜಿಗೆ ಎಂಬತ್ತೆಂಟು. ಪಡುಗಡಲ ದಂಡೆಯಲ್ಲಿ ಬಾಳಿದ ಜೀವ. ಮೊದಲ ಬಾರಿ ರಸ್ತೆಯಿಂದ ಮರೀನಾ ತೋರಿಸಿದಾಗ, "ಇದೆಂಥ ಕಡಲಾ ಮಾಣಿ? ಸೂರ್ಯ ಮುಳುಗದ ಕಡಲೂ ಒಂದು ಕಡಲೇ?" ಎಂದುಬಿಟ್ಟರು. ಅಲೆಯೂ ದೂರ, ನೀರೂ ದೂರ, ನಡುವೆ ಬರೇ ಮರಳು. "ಇದು ಗದ್ದೆ, ಉತ್ತಿಲ್ಲ ಅಷ್ಟೇ" ಎಂಬುದು ಅವರ ತೀರ್ಪು.

ಮರಳು ಬಂದ ಕಥೆ

ಅಜ್ಜಿ ಹೇಳಿದ್ದರಲ್ಲಿ ಸತ್ಯವಿದೆ ಎಂಬುದು ನಮಗೆ ಆಮೇಲೆ ತಿಳಿಯಿತು. ಈ ದಂಡೆಯ ಮರಳು ಆದಿಯಿಂದ ಇದ್ದದ್ದಲ್ಲ. ನೂರೈವತ್ತು ವರ್ಷಗಳ ಹಿಂದೆ ಕಡಲು ಈಗಿನ ರಸ್ತೆಗೆ ಬಹಳ ಹತ್ತಿರವಿತ್ತು. ಮದರಾಸಿಗೆ ಆಗ ಬಂದರೇ ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು, ಜನರೂ ಸಾಮಾನೂ ಹಲಗೆ ಹೊಲಿದು ಮಾಡಿದ ಮಸೂಲಾ ದೋಣಿಗಳಲ್ಲಿ ಅಲೆಗಳ ಮೇಲೆ ಕುಣಿಯುತ್ತ ದಡ ಸೇರಬೇಕಿತ್ತು. 1870ರ ದಶಕದಲ್ಲಿ ಸಮುದ್ರದೊಳಕ್ಕೆ ಕಲ್ಲಿನ ಗೋಡೆಗಳನ್ನು ಚಾಚಿ ಕೃತಕ ಬಂದರು ಕಟ್ಟಲು ತೊಡಗಿದರು. 1881ರ ನವೆಂಬರಿನ ಚಂಡಮಾರುತ ಆ ಗೋಡೆಗಳನ್ನು ಮುರಿದುಹಾಕಿತು, ಮತ್ತೆ ಕಟ್ಟಿದರು.

ಈ ಕರಾವಳಿಯಲ್ಲಿ ಅಲೆಗಳು ದಡವನ್ನು ಓರೆಯಾಗಿ ಬಡಿಯುತ್ತವೆ. ನೈಋತ್ಯ ಮಳೆಗಾಲದ ದೀರ್ಘ ತಿಂಗಳುಗಳಲ್ಲಿ ಮರಳು ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ಈಶಾನ್ಯ ಮಾರುತದ ಕೆಲವು ತಿಂಗಳು ಸ್ವಲ್ಪ ಹಿಂದಕ್ಕೆ ಬರುತ್ತದೆ. ಒಟ್ಟು ಲೆಕ್ಕದಲ್ಲಿ ಉತ್ತರದ ಪಯಣವೇ ಹೆಚ್ಚು. ಬಂದರಿನ ಗೋಡೆ ಈ ಪಯಣಕ್ಕೆ ಅಡ್ಡ ಬಂತು. ದಾರಿ ಕಟ್ಟಿದ ಮರಳು ಗೋಡೆಯ ದಕ್ಷಿಣಕ್ಕೆ ನಿಂತಿತು, ವರ್ಷವರ್ಷವೂ ಬೆಳೆಯಿತು, ಸಮುದ್ರವನ್ನು ಹಿಂದಕ್ಕೆ ತಳ್ಳಿತು. ಇಂದು ದಂಡೆ ಸರಾಸರಿ ಮುನ್ನೂರು ಮೀಟರು ಅಗಲವಿದೆ. 1881ರಿಂದ 1886ರವರೆಗೆ ಗವರ್ನರನಾಗಿದ್ದ ಗ್ರಾಂಟ್ ಡಫ್ ಇಲ್ಲಿ ವಿಹಾರದ ಹಾದಿ ಮಾಡಿಸಿ, ತಾನು ಸಿಸಿಲಿಯಲ್ಲಿ ಕಂಡಿದ್ದ ಕಡಲ ಹಾದಿಯ ನೆನಪಿಗೆ 'ಮರೀನಾ' ಎಂದು ಹೆಸರಿಟ್ಟನು.

ಇದರಲ್ಲಿ ಲಾಭದ ಪಕ್ಕದಲ್ಲೇ ನಷ್ಟವೂ ಇದೆ. ದಕ್ಷಿಣದಲ್ಲಿ ನಿಂತ ಮರಳು ಉತ್ತರಕ್ಕೆ ಹೋಗಬೇಕಾದದ್ದು. ಅದು ತಲಪದೆ ರಾಯಪುರಂ, ಕಾಶಿಮೇಡು, ತಿರುವೊಟ್ಟಿಯೂರಿನ ಕಡೆ ಸಮುದ್ರವು ದಡವನ್ನು ತಿನ್ನತೊಡಗಿತು. ಬೆಸ್ತರ ಮನೆಗಳು ನೀರುಪಾಲಾದವು. ಅಲ್ಲಿ ಈಗ ಮರಳ ಬದಲು ಸಾಲುಗಟ್ಟಿ ಹಾಕಿದ ಬಂಡೆಗಳು. ನಾವು ಇಲ್ಲಿ ಕೂತು ಸುಂಡಲ್ ತಿನ್ನುವ ಮರಳಿನಲ್ಲಿ ಆ ಜನರ ಅಂಗಳದ ಪಾಲೂ ಇದೆ ಎಂಬುದನ್ನು ಮರೆಯಬಾರದು.

ಸಮಾಧಿಗಳು, ಶ್ರಮಿಕರು

ಸೇತುವೆ ದಾಟಿದೊಡನೆ ಎಡಗಡೆ ನಾಲ್ವರು ಮುಖ್ಯಮಂತ್ರಿಗಳ ಸ್ಮಾರಕಗಳು: 1969ರಲ್ಲಿ ತೀರಿಕೊಂಡ ಅಣ್ಣಾದುರೆ, 1987ರಲ್ಲಿ ಎಂ. ಜಿ. ರಾಮಚಂದ್ರನ್, 2016ರಲ್ಲಿ ಜಯಲಲಿತಾ, 2018ರಲ್ಲಿ ಕರುಣಾನಿಧಿ. ಬದುಕಿದ್ದಾಗ ಒಂದೇ ಸಭೆಯಲ್ಲಿ ಎದುರುಬದುರು ಕೂತು ವಾದಿಸಿದವರು ಇಲ್ಲಿ ಒಂದೇ ಗಾಳಿಯಲ್ಲಿ ಮಲಗಿದ್ದಾರೆ. ಎಂ. ಜಿ. ಆರ್. ಅವರ ಸಮಾಧಿಯ ಕಲ್ಲಿಗೆ ಹಳ್ಳಿಯ ಜನ ಕಿವಿಯೊಡ್ಡುವುದನ್ನು ನೋಡಬಹುದು. ಅವರ ಕೈಗಡಿಯಾರದ ಸದ್ದು ಇನ್ನೂ ಕೇಳಿಸುತ್ತದೆಂಬ ನಂಬಿಕೆ. ಮಗಳೂ ಕಿವಿಯೊಡ್ಡಿ, "ಕೇಳಿಸಲಿಲ್ಲ, ಆದರೆ ಹಾಗೆ ಹೇಳಬಾರದು" ಎಂದು ಪಿಸುಗುಟ್ಟಿದಳು. ಜಯಲಲಿತಾ ಹುಟ್ಟಿದ್ದು ನಮ್ಮ ಮೇಲುಕೋಟೆಯಲ್ಲಿ, 1948ರಲ್ಲಿ, ಎಂದಾಗ ಅವಳ ಕಣ್ಣು ಅಗಲವಾಯಿತು.

ಸ್ವಲ್ಪ ಮುಂದೆ 'ಶ್ರಮದ ವಿಜಯ' ಪ್ರತಿಮೆ. ನಾಲ್ವರು ಕೂಲಿಯವರು ಮೈಯ ನರವೆಲ್ಲ ಸೆಟೆದು ಒಂದು ಬಂಡೆಯನ್ನು ಮೀಟುತ್ತಿದ್ದಾರೆ. ಮದರಾಸಿನ ಕಲಾಶಾಲೆಯ ಮುಖ್ಯಸ್ಥರಾಗಿದ್ದ ದೇವಿಪ್ರಸಾದ ರಾಯ್ ಚೌಧುರಿಯವರ ಕೃತಿ, 1959ರಲ್ಲಿ ನಿಲ್ಲಿಸಿದ್ದು. ಅದೇ ವರ್ಷ ಇದೇ ದಂಡೆಯಲ್ಲಿ ನಿಂತ, ದಾಪುಗಾಲಿಡುವ ಗಾಂಧಿ ಪ್ರತಿಮೆಯೂ ಅವರದೇ. ಶ್ರಮಿಕರಿಗೆ ಈ ದಂಡೆ ತಕ್ಕ ಜಾಗ. ಭಾರತದಲ್ಲಿ ಮೊತ್ತಮೊದಲು ಮೇ ದಿನವನ್ನು ಸಿಂಗಾರವೇಲರು ಆಚರಿಸಿದ್ದು 1923ರಲ್ಲಿ, ಮದರಾಸಿನ ಕಡಲ ದಂಡೆಯಲ್ಲಿಯೇ.

ಅಜ್ಜನ ವಿಶ್ವವಿದ್ಯಾನಿಲಯ

ಇಲ್ಲಿ ರಸ್ತೆಯ ಬಲಕ್ಕೆ ತಿರುಗಿ ನೋಡಬೇಕು. ಮೂಲೆಗಳಲ್ಲಿ ಗೋಪುರ, ನೆತ್ತಿಯಲ್ಲಿ ಗುಮ್ಮಟ, ಬಣ್ಣದ ಗಾಜಿನ ಕಿಟಕಿಗಳಿರುವ ಕೆಂಪು ಕಟ್ಟಡ. ಅದೇ ಸೆನೇಟ್ ಹೌಸ್. ರಾಬರ್ಟ್ ಚಿಸಮ್ ಎಂಬ ಶಿಲ್ಪಿ 1874ರಿಂದ 1879ರವರೆಗೆ ಕಟ್ಟಿಸಿದ್ದು. ವಿಶ್ವವಿದ್ಯಾನಿಲಯ ಅದಕ್ಕೂ ಹಿರಿಯದು, ಹುಟ್ಟಿದ್ದು 1857ರಲ್ಲಿ. ಒಂದು ಕಾಲದಲ್ಲಿ ಪದವೀದಾನ ನಡೆಯುತ್ತಿದ್ದ ಸಭಾಂಗಣ ಇದೇ.

ಕನ್ನಡಿಗರು ಇದರ ಮುಂದೆ ಎರಡು ನಿಮಿಷ ನಿಲ್ಲಬೇಕು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವವರೆಗೆ ಬೆಂಗಳೂರು, ಮೈಸೂರುಗಳ ಕಾಲೇಜು ವಿದ್ಯಾರ್ಥಿಗಳಿಗೂ ಪದವಿ ಕೊಡುತ್ತಿದ್ದುದು ಮದರಾಸೇ. ದಕ್ಷಿಣ ಕನ್ನಡವೂ ಬಳ್ಳಾರಿಯೂ ಮದರಾಸು ಪ್ರಾಂತಕ್ಕೆ ಸೇರಿದ್ದುವು. ಬಳ್ಳಾರಿಯ ಬಹುಭಾಗ 1953ರಲ್ಲಿ ಮೈಸೂರಿಗೆ ಬಂತು, ದಕ್ಷಿಣ ಕನ್ನಡ 1956ರಲ್ಲಿ. ಅಲ್ಲಿಯವರೆಗೆ ನಮ್ಮ ಹಿರಿಯರ ಪರೀಕ್ಷೆಯ ಉತ್ತರ ಪತ್ರಿಕೆಗಳು ಈ ಊರಿಗೆ ಬರುತ್ತಿದ್ದವು. ಇನ್ನೊಂದು ಋಣವೂ ಉಂಟು. ಕಿಟ್ಟೆಲ್ ಮಹಾಶಯರ ಕನ್ನಡ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾಯಿತು. ಅದನ್ನು ಪರಿಷ್ಕರಿಸಿ ವಿಸ್ತರಿಸಿದವರು ಮ. ಮರಿಯಪ್ಪ ಭಟ್ಟರು, ಆ ನಾಲ್ಕು ಸಂಪುಟಗಳನ್ನು 1968ರಿಂದ 1971ರ ಒಳಗೆ ಪ್ರಕಟಿಸಿದ್ದು ಇದೇ ಮದರಾಸು ವಿಶ್ವವಿದ್ಯಾನಿಲಯ. ಕನ್ನಡ ಪದಗಳ ಬೊಕ್ಕಸವನ್ನು ಮತ್ತೆ ತುಂಬಿಸಿಕೊಟ್ಟದ್ದು ಈ ತಮಿಳು ಊರು ಎಂದರೆ ಸಣ್ಣ ಮಾತಲ್ಲ.

ಮಗಳು ಬೇಲಿಯ ಸರಳು ಹಿಡಿದು ಗುಮ್ಮಟವನ್ನು ನೋಡುತ್ತ ನಿಂತಳು. ಅಜ್ಜ ಬಂದಿದ್ದರೆ ಯಾವ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರೆಂದು ಕೇಳಿದಳು. ಗೊತ್ತಿಲ್ಲವೆಂದೆವು.

ಪಕ್ಕದಲ್ಲಿ 1768ರ ಚೇಪಾಕ್ ಅರಮನೆ. ಆರ್ಕಾಟಿನ ನವಾಬ ಮುಹಮ್ಮದಾಲಿ ಕಟ್ಟಿಸಿದ್ದು. ಅರಮನೆ ಎದ್ದ ಮರುವರ್ಷವೇ ಅವನ ಹಗೆ ಹೈದರಾಲಿ ಬಾಗಿಲಿಗೆ ಬಂದ. ನವಾಬರು ಹೋದಮೇಲೆ ಅಲ್ಲಿ ಬಹುಕಾಲ ಸರಕಾರಿ ಕಚೇರಿಗಳು ನಡೆದವು. ಅರಮನೆಯಲ್ಲಿ ಕೂತು ಕಡತ ಬರೆದ ಗುಮಾಸ್ತರ ಭಾಗ್ಯವನ್ನು ನೆನೆದು ನಾವು ನಿಟ್ಟುಸಿರಿಟ್ಟೆವು.

ಮುಂದಿನದು ಪ್ರೆಸಿಡೆನ್ಸಿ ಕಾಲೇಜು. ಇದರ ಮೂಲ 1840ರದು. ಕಡಲಿಗೆ ಮುಖ ಮಾಡಿ ನಿಂತ ಕಟ್ಟಡ 1870ರದು. ಇಲ್ಲಿ 1904ರಲ್ಲಿ ಬಿ. ಎ., 1907ರಲ್ಲಿ ಎಂ. ಎ. ಮುಗಿಸಿದ ಹುಡುಗ ಚಂದ್ರಶೇಖರ ವೆಂಕಟರಾಮನ್, ಮುಂದೆ ಸಮುದ್ರದ ನೀರು ಏಕೆ ನೀಲಿ ಎಂದು ವಿಚಾರ ಮಾಡಿ ಲೋಕಪ್ರಸಿದ್ಧರಾದರು. 1933ರಲ್ಲಿ ಬೆಂಗಳೂರಿಗೆ ಬಂದು ಕಡೆಯವರೆಗೆ ನಮ್ಮವರೇ ಆಗಿಬಿಟ್ಟರು. ಇಲ್ಲಿಂದ ಅಲ್ಲಿಗೆ ಹೋಗಿ ಬೇರೂರಿದವರೂ ಇದ್ದಾರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಪ್ರತಿಮೆಗಳ ಸಾಲು

ಎಡಗಡೆಯ ಕಾಲುಹಾದಿಯ ಉದ್ದಕ್ಕೂ ಪ್ರತಿಮೆಗಳು. 1968ರ ಜನವರಿಯಲ್ಲಿ ಇಲ್ಲಿ ವಿಶ್ವ ತಮಿಳು ಸಮ್ಮೇಳನ ನೆರೆದಾಗ ತಿರುವಳ್ಳುವರ್, ಔವೈಯಾರ್, ಕಂಬರ್, ಭಾರತಿಯಾರ್ ಮುಂತಾದವರನ್ನು ಸಾಲಾಗಿ ನಿಲ್ಲಿಸಿದರು. ಕಾಲಂದುಗೆ ಹಿಡಿದು ನ್ಯಾಯ ಕೇಳುವ ಕಣ್ಣಗಿಯೂ ಇದ್ದಾಳೆ. 2001ರಲ್ಲಿ ಆ ಪ್ರತಿಮೆಯನ್ನು ತೆಗೆದಾಗ ದೊಡ್ಡ ಗದ್ದಲವೆದ್ದು 2006ರಲ್ಲಿ ಮತ್ತೆ ತಂದಿಟ್ಟರು. ಒಂದು ಭಾಷೆಯವರು ತಮ್ಮ ಕವಿಗಳನ್ನು ಊರಿನ ಅತ್ಯಂತ ಒಳ್ಳೆಯ ಗಾಳಿ ಬೀಸುವ ಜಾಗದಲ್ಲಿ ನಿಲ್ಲಿಸಿದ್ದಾರೆ; ನೋಡಿ ಹೊಟ್ಟೆಕಿಚ್ಚು ಪಡುವ ಬದಲು ಕಲಿಯುವುದು ಲೇಸು.

ಈ ಸಾಲಿನಲ್ಲಿ ಒಬ್ಬ ಬಿಳಿಯ ಪಾದ್ರಿಯ ಮುಂದೆ ಮಗಳನ್ನು ನಿಲ್ಲಿಸಿದೆವು. ಇವರು ಬಿಷಪ್ ಕಾಲ್ಡ್‌ವೆಲ್. 1856ರಲ್ಲಿ ಪ್ರಕಟವಾದ ತಮ್ಮ ವ್ಯಾಕರಣದಲ್ಲಿ ತಮಿಳು, ಕನ್ನಡ, ತೆಲುಗು, ಮಲಯಾಳ, ತುಳು ಭಾಷೆಗಳು ಒಂದೇ ಕುಟುಂಬದವು ಎಂದು ವಿಸ್ತಾರವಾಗಿ ತೋರಿಸಿದವರು. ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಮುತ್ತಜ್ಜಿಗೆ ತುಳುವೂ ಬರುತ್ತದೆ. "ಐದರಲ್ಲಿ ಮೂರು ನಮ್ಮ ಮನೆಯಲ್ಲೇ ಇವೆ!"

ರಸ್ತೆಯಾಚೆಯ ದುಂಡನೆಯ ಕಟ್ಟಡಕ್ಕೆ ಜನ ಇಂದಿಗೂ 'ಐಸ್ ಹೌಸ್' ಎನ್ನುವುದುಂಟು. 1842ರಲ್ಲಿ ಅಮೆರಿಕದಿಂದ ಹಡಗಿನಲ್ಲಿ ತಂದ ಮಂಜುಗಡ್ಡೆಯನ್ನು ಇಡಲು ಕಟ್ಟಿದ್ದು. ಅಲ್ಲಿಯ ಕೊಳಗಳಲ್ಲಿ ಕಡಿದ ಗಡ್ಡೆ ಇಷ್ಟು ದೂರ ಕರಗದೆ ಬಂದು, ಮದರಾಸಿನ ದೊರೆಗಳ ಲೋಟ ಸೇರುತ್ತಿತ್ತು. 1897ರ ಫೆಬ್ರವರಿಯಲ್ಲಿ, ಪಶ್ಚಿಮ ದೇಶಗಳಿಂದ ಮರಳಿದ ಸ್ವಾಮಿ ವಿವೇಕಾನಂದರು ಈ ಮನೆಯಲ್ಲಿ ತಂಗಿದ್ದರು. ಈಗ ಇದಕ್ಕೆ ಅವರದೇ ಹೆಸರು.

ದೀಪಸ್ತಂಭ, ಸಾಂತೋಮ್

1914ರಲ್ಲಿ ಹುಟ್ಟಿದ ಕ್ವೀನ್ ಮೇರಿಸ್ ಮಹಿಳಾ ಕಾಲೇಜನ್ನು ದಾಟಿದರೆ, ಕೆಂಪುಬಿಳಿ ಪಟ್ಟಿಯ ಮೂರು ಮೂಲೆಯ ದೀಪಸ್ತಂಭ. 1977ರಲ್ಲಿ ಇದು ಬೆಳಗುವ ಮುನ್ನ ನಾವಿಕರಿಗೆ ದಾರಿ ತೋರುತ್ತಿದ್ದ ದೀಪ ಹೈಕೋರ್ಟಿನ ಗುಮ್ಮಟದ ಮೇಲಿತ್ತು, 1894ರಿಂದ. ನ್ಯಾಯಾಲಯದ ತಲೆಯ ಮೇಲೆ ದೀಪ ಉರಿದ ಊರು ಬೇರೆಲ್ಲಿ ಸಿಕ್ಕೀತು! ಈ ಸ್ತಂಭದೊಳಗೆ ಲಿಫ್ಟ್ ಇರುವುದು ಇನ್ನೊಂದು ಸ್ವಾರಸ್ಯ.

ಇಲ್ಲಿಂದಾಚೆ ನೊಚ್ಚಿಕುಪ್ಪಂ ಮೊದಲಾದ ಬೆಸ್ತರ ಕೇರಿಗಳು. ಬಲೆ ಬಿಡಿಸುವವರು, ಬುಟ್ಟಿ ಇಟ್ಟುಕೊಂಡು ಮೀನು ಮಾರುವ ಹೆಂಗಸರು. 2004ರ ಡಿಸೆಂಬರ್ 26ರಂದು, ಭಾನುವಾರ ಬೆಳಗ್ಗೆ, ಸುನಾಮಿಯ ನೀರು ಬಂದದ್ದು ಈ ಜನರ ಮೇಲೆ, ನಮ್ಮಂತೆಯೇ ನಡೆಯಲು ಬಂದವರ ಮೇಲೆ, ಚೆಂಡಾಡುತ್ತಿದ್ದ ಹುಡುಗರ ಮೇಲೆ. ಚೆನ್ನೈಯೊಂದರಲ್ಲೇ ಇನ್ನೂರಕ್ಕೂ ಹೆಚ್ಚು ಜೀವ ಹೋಯಿತು. ಮಾಮೂಲು ದಿನದಲ್ಲಿಯೂ ಇಲ್ಲಿಯ ನೀರು ಮೋಸದ್ದು. ಒಳಸೆಳೆತ ಬಲವಾದ್ದರಿಂದ ಸ್ನಾನಕ್ಕಿಳಿಯಲು ಪೊಲೀಸರು ಬಿಡುವುದಿಲ್ಲ. ಮಕ್ಕಳೊಂದಿಗೆ ಹೋಗುವವರು ಪಾದ ನೆನೆಸುವುದರಲ್ಲೇ ತೃಪ್ತಿಪಡಬೇಕು.

ಕಡೆಗೆ ಸಾಂತೋಮಿನ ಬಿಳಿಯ ಇಗರ್ಜಿ. ಏಸುವಿನ ಶಿಷ್ಯ ಸಂತ ತೋಮಸರ ಸಮಾಧಿ ಇಲ್ಲಿದೆಯೆಂದು ಭಕ್ತರ ನಂಬಿಕೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಇಲ್ಲಿ ಇಗರ್ಜಿ ಕಟ್ಟಿದರು, ಈಗಿನದು 1896ರದು. ಅದರ ನೆರಳಿನಲ್ಲಿ ಕೂತು ಕಾಲು ಚಾಚಿದೆವು. ಅಲ್ಲಲ್ಲಿ ನಿಂತದ್ದನ್ನು ಬಿಟ್ಟರೆ ಒಂದೂವರೆ ಗಂಟೆಯ ನಡಿಗೆ. ಸುಮಾರು ಐದು ಕಿಲೋಮೀಟರು. ಟಿಕೇಟಿಲ್ಲ, ಬಾಗಿಲಿಲ್ಲ, ಯಾರೂ ಯಾವ ಊರಿನವರೆಂದು ಕೇಳುವುದಿಲ್ಲ.

ಅಜ್ಜಿಯ ಭಾನುವಾರ

ಮನೆಗೆ ಬಂದು ಮಗಳು ಎಲ್ಲವನ್ನೂ ಮುತ್ತಜ್ಜಿಗೆ ಒಪ್ಪಿಸಿದಳು. ಅವರು ಕೇಳಿದ್ದು ಒಂದೇ ಮಾತು: "ಅವರ ಆ ಕಟ್ಟಡ ಇನ್ನೂ ಇದೆಯಾ?"

ನಡೆಯಲಾರದವರನ್ನು ಅಷ್ಟು ಅಗಲದ ಮರಳು ದಾಟಿಸುವುದು ಹೇಗೆ ಎಂಬುದೇ ನಮಗಿದ್ದ ತೊಡಕು. 2022ರ ನವೆಂಬರಿನಲ್ಲಿ ಪಾಲಿಕೆಯವರು ಗಾಲಿಕುರ್ಚಿಯವರಿಗಾಗಿ ಮರಳಿನ ಮೇಲೆ ಮರದ ಹಾದಿಯೊಂದನ್ನು ಹಾಸಿದ್ದರು. ಹಾಸಿ ತಿಂಗಳಾಗುವ ಮೊದಲೇ ಮಾಂಡೂಸ್ ಚಂಡಮಾರುತ ಅದರ ತುದಿಯನ್ನು ಮುರಿದಿತ್ತು, ಮತ್ತೆ ಸರಿಪಡಿಸಿದರು. ಕಳೆದ ಜನವರಿಯ ಒಂದು ಭಾನುವಾರ ನೆರೆಮನೆಯವರಿಂದ ಗಾಲಿಕುರ್ಚಿ ಎರವಲು ತಂದು, ಅಜ್ಜಿಯನ್ನು ಆಟೋದಲ್ಲಿ ಕೂರಿಸಿ ಹೊರಟೆವು. ಸೆನೇಟ್ ಹೌಸಿನ ಎದುರು ಆಟೋ ನಿಲ್ಲಿಸಿದೆವು. ಅಜ್ಜಿ ಸೆರಗು ಹೊದ್ದುಕೊಂಡು ಗುಮ್ಮಟವನ್ನು ಬಹಳ ಹೊತ್ತು ನೋಡಿದರು. "ದೊಡ್ಡದೇ ಇದೆ" ಎಂದರು. ಮತ್ತೆ, "ಎರಡು ದಿನದ ರೈಲಿನ ಖರ್ಚು, ಅಷ್ಟೇ ಇದ್ದದ್ದು" ಎಂದರು. ಬೇರೇನೂ ಹೇಳಲಿಲ್ಲ.

ಮರದ ಹಾದಿಯ ತುದಿಯವರೆಗೆ ಕುರ್ಚಿಯನ್ನು ತಳ್ಳಿದೆವು. ಅಲೆ ಅಲ್ಲಿಗೆ ಮುಟ್ಟುವುದಿಲ್ಲ. ಮಗಳು ಕಾಫಿ ಫ್ಲಾಸ್ಕಿನ ಮುಚ್ಚಳ ಹಿಡಿದು ಓಡಿಹೋಗಿ ನೀರು ತುಂಬಿಸಿ ತಂದಳು. ಅಜ್ಜಿ ಬೆರಳದ್ದಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ನಾಲಿಗೆಗೆ ತಾಗಿಸಿ ನೋಡಿದರು.

"ಉಪ್ಪು ಅದೇ ಮಾಣಿ" ಎಂದರು.

ಆ ದಿನದಿಂದ ನಮ್ಮ ಮನೆಯಲ್ಲಿ ಮರೀನಾ ಗದ್ದೆಯಲ್ಲ, ಕಡಲು. ಶಾಲೆಯಲ್ಲಿ ಊರು ಯಾವುದೆಂದು ಕೇಳಿದರೆ ಏನು ಹೇಳುತ್ತೀ ಎಂದು ಮಗಳನ್ನು ಕೇಳಿದೆವು. "ಎರಡೂ ಹೇಳುತ್ತೇನೆ" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ನಮಗೆ ಯಾವ ನಿಯಮವೂ ಸಿಗಲಿಲ್ಲ. ದಕ್ಷಿಣದಿಂದ ಹೊರಟ ಮರಳು ಈ ಊರಿನಲ್ಲಿ ನಿಂತು, ಈ ಊರಿನದೇ ದಂಡೆಯಾಗಿದೆ; ಅದನ್ನು ಯಾರೂ ಹೊರಗಿನದೆನ್ನುವುದಿಲ್ಲ.

ನಮ್ಮ ವಾಚಕರಲ್ಲಿ ಬಿನ್ನಹವಿಷ್ಟೆ. ಮುಂದಿನ ಬಾರಿ ನೆಂಟರು ಬಂದಾಗ ಬೆಳಗ್ಗೆ ಆರಕ್ಕೆ ಏಳಿಸಿ, ಯುದ್ಧ ಸ್ಮಾರಕದ ಬಳಿ ಇಳಿಸಿ, ಮಕ್ಕಳ ಕೈ ಹಿಡಿದು ನಡೆಯಿರಿ. ಮನೆಯಲ್ಲಿ ಹಿರಿಯರ ಹಳೆಯ ಪೆಟ್ಟಿಗೆಯಿದ್ದರೆ ಹೊರಡುವ ಮೊದಲು ಒಮ್ಮೆ ತೆರೆದು ನೋಡಿ. ಫ್ಲಾಸ್ಕಿನ ಮುಚ್ಚಳವನ್ನು ಮರೆಯಬೇಡಿ.